ನೂರೈವತ್ತು ಲೀಟರಿನ ಮನೆ

ನಮ್ಮ ಮೋಟರ್‌ಹೋಮಿನ ನೀರಿನ ಟ್ಯಾಂಕು 150 ಲೀಟರು ಹಿಡಿಯುತ್ತದೆ. ಸ್ನಾನ, ಪಾತ್ರೆ, ಕೈಕಾಲು, ಕಕ್ಕಸು, ಎಲ್ಲಕ್ಕೂ ಅಷ್ಟೇ. ನಲ್ಲಿ ತಿರುಗಿಸಿದರೆ ಸೋಫಾದ ಕೆಳಗಿರುವ ಪುಟ್ಟ ಪಂಪು ಗುರ್ರೆನ್ನುತ್ತದೆ. ಆ ಸದ್ದು ಎಷ್ಟು ಹೊತ್ತು ಕೇಳಿಸಿತು ಅನ್ನುವುದರ ಮೇಲೆಯೇ ಎಷ್ಟು ನೀರು ಹೋಯಿತೆಂದು ನಮ್ಮ ಯಜಮಾನರು ಮುಂದಿನ ಸೀಟಿನಲ್ಲಿ ಕೂತು ಹೇಳಬಲ್ಲರು. ಸ್ಯಾನ್ ಡಿಯಾಗೋದ ಮನೆಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದೆವು, ನಾನು ದಿನಕ್ಕೆ ಎಷ್ಟು ನೀರು ಚೆಲ್ಲುತ್ತೇನೆ ಎಂದು ಇವರು ಒಮ್ಮೆಯೂ ಕೇಳಿದವರಲ್ಲ, ನಾನೂ ಕೇಳಿದವಳಲ್ಲ. ಗಡಿ ದಾಟಿ ಬಾಹಾ ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೊರಟ ಮೇಲೆ ಮಾತೆಲ್ಲ ಅದರ ಸುತ್ತಲೇ ತಿರುಗತೊಡಗಿತು.

ನಾನು ಚಿತ್ರದುರ್ಗದ ಚಳ್ಳಕೆರೆ ಕಡೆಯವಳು. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಅದೂ ಒಂದು. ಇವರು ಸಿವಿಲ್ ಎಂಜಿನಿಯರ್. ಅಮೆರಿಕಕ್ಕೆ ಬರುವ ಮುಂಚೆ ರಾಯಚೂರು ಕಡೆ ಕಾಲುವೆ ಕೆಲಸದಲ್ಲಿದ್ದವರು. ನೀರಿನ ವಿಷಯದಲ್ಲಿ ಇಬ್ಬರಿಗೂ ಗಟ್ಟಿ ಅಭಿಪ್ರಾಯಗಳಿವೆ. ಅವು ಒಂದೇ ಅಲ್ಲ ಅನ್ನುವುದು ಈ ಪ್ರಯಾಣದಲ್ಲಿ ತಿಳಿಯಿತು.

ಕಾಗದಪತ್ರದ ಕೆಲಸ ಜನ ಹೆದರಿಸಿದಷ್ಟಿರಲಿಲ್ಲ. ಅಮೆರಿಕದ ಗ್ರೀನ್ ಕಾರ್ಡೋ ಚಾಲ್ತಿಯಲ್ಲಿರುವ ವೀಸಾವೋ ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೊದ ಪ್ರತ್ಯೇಕ ವೀಸಾ ಬೇಕಿಲ್ಲ. ಬಾಹಾ ಪರ್ಯಾಯ ದ್ವೀಪದೊಳಗೇ ಇರುವುದಾದರೆ ಗಾಡಿಗೂ ತಾತ್ಕಾಲಿಕ ಆಮದು ಪರವಾನಗಿ ಬೇಡ. ಬೇಕೇ ಬೇಕಾದದ್ದು ಮೆಕ್ಸಿಕೊದ ವಿಮೆ. ಅಮೆರಿಕದ ವಿಮೆ ಗಡಿಯಾಚೆ ನಡೆಯುವುದಿಲ್ಲ. ಅದನ್ನು ಮಾಡಿಸಿ, ಪ್ರವಾಸಿ ಪರವಾನಗಿಗೆ ಮುದ್ರೆ ಒತ್ತಿಸಿ, ಫೆಬ್ರವರಿಯ ಒಂದು ಬೆಳಿಗ್ಗೆ ತೆಕಾತೆಯಲ್ಲಿ ಗಡಿ ದಾಟಿದೆವು.

ದ್ರಾಕ್ಷಿ ತೋಟಗಳ ಗ್ವಾದಲೂಪೆ ಕಣಿವೆ, ಎನ್ಸೆನಾದಾ ಬಂದರು, ಇವನ್ನೆಲ್ಲ ಗಾಡಿಯ ಕಿಟಕಿಯಿಂದಲೇ ನೋಡಿದೆವು. ನೋಡುವುದಕ್ಕಿಂತ ರಸ್ತೆಯ ಮೇಲೆ ಗಮನವಿಡುವುದು ಮುಖ್ಯವಾಗಿತ್ತು. ಈ ಪರ್ಯಾಯ ದ್ವೀಪವನ್ನು ತುದಿಯಿಂದ ತುದಿಗೆ ಜೋಡಿಸುವ ಡಾಂಬರು ರಸ್ತೆ ಪೂರ್ತಿಯಾದದ್ದು 1973ರಲ್ಲಿ. ಎರಡೇ ಲೇನು, ಬಹಳ ಕಡೆ ಅಂಚೇ ಇಲ್ಲ. ಡಾಂಬರು ಮುಗಿದಲ್ಲಿ ನೇರ ಇಳಿಜಾರು. ನಮ್ಮ ಗಾಡಿಯ ಅಗಲ ಎರಡೂವರೆ ಮೀಟರು, ಅದರಾಚೆಗೆ ಕನ್ನಡಿಗಳು. ಎದುರಿಗೆ ಲಾರಿ ಬಂದಾಗ ಇವರು ಉಸಿರು ಬಿಗಿಹಿಡಿಯುತ್ತಿದ್ದರು, ನಾನು ಬಲಗಡೆಯ ಅಂಚು ಎಷ್ಟು ದೂರ ಅಂತ ಹೇಳುತ್ತಿದ್ದೆ. ಅಲ್ಲಿನ ಲಾರಿಯವರಿಗೆ ಒಂದು ರೂಢಿಯಿದೆ: ಹಿಂದಿನ ಗಾಡಿ ಧಾರಾಳವಾಗಿ ಮುಂದೆ ಹೋಗಬಹುದು ಎನ್ನುವಾಗ ಎಡಗಡೆಯ ಇಂಡಿಕೇಟರ್ ಹಾಕುತ್ತಾರೆ. ಅವರೇ ಎಡಕ್ಕೆ ತಿರುಗುವುದಿದ್ದರೂ ಹಾಕುವುದು ಅದನ್ನೇ. ಯಾವುದಕ್ಕೆ ಹಾಕಿದ್ದಾರೆಂದು ಮುಂದಿನ ರಸ್ತೆ ನೋಡಿಯೇ ಊಹಿಸಬೇಕು. ಇವರು ಅಂಥಲ್ಲಿ ಕಾಯುವುದನ್ನೇ ಆರಿಸಿಕೊಂಡರು. ಅದಕ್ಕೆ ನನ್ನ ಪೂರ್ಣ ಬೆಂಬಲವಿತ್ತು.

ಸೈನ್ಯದ ತಪಾಸಣಾ ಠಾಣೆಗಳ ಬಗ್ಗೆ ಗೆಳೆಯರು ಬಹಳ ಹೇಳಿದ್ದರು. ನಾವು ಕಂಡದ್ದು ನಮ್ಮ ಮಗನ ವಯಸ್ಸಿನ ಹುಡುಗರನ್ನು. ಒಬ್ಬ ಒಳಗೆ ಬಂದು ಕಪಾಟು ತೆಗೆದು ನೋಡುತ್ತ ನನ್ನ ಸಾಂಬಾರ ಪೆಟ್ಟಿಗೆಗೆ ಬಂದ. ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಖ ಅರಳಿಸಿ, 'ತಮರಿಂದೊ!' ಎಂದ. ಹುಣಸೆಹಣ್ಣು. ಮನಿಲಾದಿಂದ ಅಕಾಪುಲ್ಕೊಗೆ ಬರುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಏಷ್ಯಾದ ಸರಕು ಇಲ್ಲಿಗೆ ಸೇರುತ್ತಿದ್ದ ಕಾಲದಿಂದಲೂ ಮೆಕ್ಸಿಕೊದವರಿಗೆ ಹುಣಸೆ ಮನೆಯದೇ ವಸ್ತು. ಪಾನಕ ಮಾಡುತ್ತಾರೆ, ಖಾರ ಹಚ್ಚಿ ಮಿಠಾಯಿ ಮಾಡುತ್ತಾರೆ. ನಾವು ಅದನ್ನು ಅನ್ನಕ್ಕೆ ಕಲಸುತ್ತೇವೆ ಅಂದೆ, ನನ್ನ ಕೆಲಸದ ಕಡೆ ಕಲಿತ ಸ್ಪ್ಯಾನಿಷ್‌ನಲ್ಲಿ. ಅನ್ನಕ್ಕೆ ಹುಣಸೆಯೇ ಎಂದು ಅವನು ಹೊರಗಿದ್ದ ಗೆಳೆಯನನ್ನೂ ಕರೆದು ಹೇಳಿದ. ಅಲ್ಲಿಗೆ ತಪಾಸಣೆ ಮುಗಿಯಿತು.

ಸಾನ್ ಕಿಂತೀನ್ ಕಣಿವೆಯಲ್ಲಿ ಮಾತ್ರ ನನಗೆ ಮನಸ್ಸು ಕದಡಿತು. ರಸ್ತೆಯ ಎರಡೂ ಬದಿ ಬಿಳಿ ಪ್ಲಾಸ್ಟಿಕ್ಕಿನ ಮಾಡಿನಡಿ ಸ್ಟ್ರಾಬೆರಿ, ಟೊಮೆಟೊ. ಸ್ಯಾನ್ ಡಿಯಾಗೋದ ಅಂಗಡಿಗಳಲ್ಲಿ ಚಳಿಗಾಲದಲ್ಲಿ ನಾವು ಎತ್ತಿಕೊಳ್ಳುವ ಡಬ್ಬಿಗಳಲ್ಲಿ ಇಲ್ಲಿನ ಹಣ್ಣೂ ಇರುತ್ತದೆ. ಇಲ್ಲಿ ದುಡಿಯುವವರಲ್ಲಿ ಬಹಳ ಜನ ದೂರದ ಒಹಾಕಾ ರಾಜ್ಯದ ಮೂಲನಿವಾಸಿಗಳು. 2015ರ ಮಾರ್ಚಿನಲ್ಲಿ ಈ ಕೂಲಿಕಾರರೇ ಕೊಯ್ಲು ನಿಲ್ಲಿಸಿ, ಈ ರಸ್ತೆಯನ್ನೇ ತಡೆದು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ್ದು. ಕಣಿವೆಯ ಬಾವಿಗಳಿಂದ ನೀರನ್ನು ಎಷ್ಟು ಎತ್ತಿದ್ದಾರೆಂದರೆ ಸಮುದ್ರದ ಉಪ್ಪುನೀರು ಅಂತರ್ಜಲಕ್ಕೆ ನುಗ್ಗಿದೆ. ದೊಡ್ಡ ತೋಟದವರು ಉಪ್ಪು ತೆಗೆಯುವ ಯಂತ್ರ ಕೂರಿಸಿಕೊಂಡು ಬೆಳೆಯುತ್ತಾರೆ. ಕೂಲಿಯವರ ಬಡಾವಣೆಯ ಬಾಗಿಲುಗಳಲ್ಲಿ ನೀಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದರು, ಟ್ಯಾಂಕರಿಗಾಗಿ. ಆ ಡ್ರಮ್ಮಿನ ಸಾಲು ನನಗೆ ಚೆನ್ನಾಗಿ ಗೊತ್ತು. ಹಣ್ಣಿನೊಳಗೆ ನೀರು ಗಡಿ ದಾಟಿ ಹೋಗುತ್ತದೆ, ಬೆಳೆದವರ ಮನೆ ಮುಂದೆ ಡ್ರಮ್ಮು ಕಾಯುತ್ತ ನಿಲ್ಲುತ್ತದೆ ಅಂದೆ. ಇವರು ಏನೂ ಅನ್ನಲಿಲ್ಲ. ಬೇಡವೆಂದಲ್ಲ, ಎದುರಿಗೆ ಲಾರಿ ಬರುತ್ತಿತ್ತು.

ಎಲ್ ರೊಸಾರಿಯೊದಲ್ಲಿ ಪೆಟ್ರೋಲು ತುಂಬಿಸದೆ ಯಾರೂ ಮುಂದೆ ಹೋಗುವುದಿಲ್ಲ. ಅಲ್ಲಿಂದ ಮುಂದಿನ ನೆಚ್ಚಬಹುದಾದ ಬಂಕಿಗೆ 300 ಕಿಲೋಮೀಟರಿಗೂ ಹೆಚ್ಚು. ನೀರೂ ತೆಗೆದುಕೊಂಡೆವು. ಮೆಕ್ಸಿಕೊದ ಸಣ್ಣ ಸಣ್ಣ ಊರಲ್ಲೂ ಶುದ್ಧ ನೀರಿನ ಅಂಗಡಿ ಇರುತ್ತದೆ, ಇತ್ತೀಚೆಗೆ ನಮ್ಮ ಹಳ್ಳಿಗಳಲ್ಲಿ ಘಟಕಗಳು ಬಂದಿವೆಯಲ್ಲ, ಹಾಗೆ. 20 ಲೀಟರಿನ ಕ್ಯಾನು ತುಂಬಿಸಿಕೊಳ್ಳಲು ಹೆಂಗಸರು, ಮಕ್ಕಳು, ಸೈಕಲ್ಲಿನ ಮುದುಕರು ಬಂದಿದ್ದರು. ನಮ್ಮ ಕ್ಯಾನುಗಳೂ ಆ ಸಾಲಿನಲ್ಲಿ ಕೂತವು.

ಊರು ದಾಟಿ ರಸ್ತೆ ಸಮುದ್ರವನ್ನು ಬಿಟ್ಟು ಒಳನಾಡಿಗೆ ತಿರುಗಿ ಏರಿತು. ಅಲ್ಲಿಂದ ಸಿರಿಯೊಗಳ ನಾಡು. ಸಿರಿಯೊ ಮರವನ್ನು ಮೊದಲ ಸಲ ನೋಡಿದವರು ಇದೇನು ಅಂತ ಗಾಡಿ ನಿಲ್ಲಿಸುತ್ತಾರೆ, ನಾವೂ ನಿಲ್ಲಿಸಿದೆವು. ಬುಡದಲ್ಲಿ ದಪ್ಪ, ಮೇಲಕ್ಕೆ ಹೋಗುತ್ತ ಸಣ್ಣಗೆ, ಮೂರು ನಾಲ್ಕು ಆಳೆತ್ತರಕ್ಕೂ ಮೀರಿ ಒಂದೇ ಕಂಬ. ಮೈತುಂಬ ತೆಳು ಕಡ್ಡಿಗಳು. ಮಳೆ ಬಿದ್ದರೆ ಎಲೆ ಬಿಡುತ್ತದೆ, ಒಣಗಿದರೆ ಉದುರಿಸಿಬಿಡುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರು ಬೆಳೆಯುತ್ತದೆ. ಇಲ್ಲಿ ಬಿಟ್ಟರೆ ಪರ್ಯಾಯ ದ್ವೀಪದ ಪೂರ್ವಕ್ಕಿರುವ ಕೊಲ್ಲಿಯಾಚೆಯ ಸೊನೋರಾ ಕರಾವಳಿಯ ಒಂದು ತುಣುಕಿನಲ್ಲಿ ಉಂಟು, ಇನ್ನೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಸುತ್ತಲಿನ ಸುಮಾರು 25,000 ಚದರ ಕಿಲೋಮೀಟರನ್ನು ಮೆಕ್ಸಿಕೊ ಸರ್ಕಾರ 1980ರಲ್ಲಿ ರಕ್ಷಿತ ಪ್ರದೇಶವೆಂದು ಸಾರಿತು.

ಕತವೀನ್ಯಾ ಹತ್ತಿರ ಬಂದರೆ ನೆಲವೆಲ್ಲ ಬಂಡೆ. ಮನೆಯಷ್ಟು, ಮನೆಯ ಮೇಲೆ ಮನೆಯಷ್ಟು ದುಂಡು ಬಂಡೆಗಳು, ಅವುಗಳ ಸಂದಿಯಿಂದ ಕಾರ್ದೋನ್ ಕಳ್ಳಿಗಳು ಎದ್ದು ನಿಂತಿವೆ. ಚಿತ್ರದುರ್ಗದ ಕಡೆಯವರಿಗೆ ಬಂಡೆ ಹೊಸದಲ್ಲ. ಆದರೆ ನಮ್ಮ ಬೇಲಿಯ ಪಾಪಾಸುಕಳ್ಳಿ, ಕತ್ತಾಳೆಗಳ ತವರು ಖಂಡ ಇದು ಎಂದು ನೆನಪಾದಾಗ ನನಗೆ ರೋಮಾಂಚವಾಯಿತು. ಅಜ್ಜಿ ಕತ್ತಾಳೆ ನಾರಿನಲ್ಲಿ ಹೆಣೆದ ಹಗ್ಗದಿಂದಲೇ ನಾವು ಬಾವಿ ಸೇದಿದ್ದು. ಕಾರ್ದೋನ್ ಅಂತೂ ಕಳ್ಳಿಗಳಲ್ಲೇ ಎತ್ತರದ್ದು. ಕಾಂಡದ ಉದ್ದಕ್ಕೂ ನೆರಿಗೆಗಳಿವೆ. ಮಳೆ ಬಂದರೆ ನೀರು ಹೀರಿ ನೆರಿಗೆ ಬಿಚ್ಚಿಕೊಂಡು ಉಬ್ಬುತ್ತದೆ, ಬರದಲ್ಲಿ ಮಡಚಿಕೊಂಡು ಬಡವಾಗುತ್ತದೆ. ನಾನು ಒಂದರ ಬಳಿ ಹೋಗಿ, ಮುಳ್ಳಿನ ನಡುವೆ ಹುಷಾರಾಗಿ ಬೆರಳಿಟ್ಟು ನೋಡಿದೆ. ನೆರಿಗೆ ಆಳವಾಗಿತ್ತು, ಬೆರಳು ಎರಡು ಗಿಣ್ಣು ಒಳಗೆ ಹೋಯಿತು. ಬಹಳ ದಿನದಿಂದ ಮಳೆಯಿಲ್ಲ.

ಪಕ್ಕದಲ್ಲಿ ಕುಳ್ಳಗೆ, ಊದಿದ ಬುಡದ ಇನ್ನೊಂದು ಮರ, ತೊರೋತೆ. ಕಾಗದದಂತೆ ತೊಗಟೆ ಸುಲಿಯುತ್ತಿತ್ತು. ಇದು ಮಾವು, ಗೇರುಗಳ ಕುಟುಂಬಕ್ಕೆ ಸೇರಿದ್ದು. ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವಲ್ಲಿ ಮಾವಿನ ಬಳಗದ ಮರವೊಂದು ಕಾಂಡದಲ್ಲೇ ನೀರಿಟ್ಟುಕೊಂಡು ಬದುಕುವುದನ್ನು ಕಲಿತಿದೆ. ಇವರು ಅದರ ಬುಡವನ್ನು ಅಂಗೈಯಿಂದ ತಟ್ಟಿ ನೋಡಿ, 'ನಮ್ಮ ಟ್ಯಾಂಕಿಗಿಂತ ವಾಸಿ ಇದೆ ಕಣೇ' ಅಂದರು.

ಆ ರಾತ್ರಿ ಗಾಡಿ ನಿಲ್ಲಿಸಿದ್ದು ರಸ್ತೆಯಿಂದ ಒಳಗಿದ್ದ ಒಂದು ದನದ ಕೊಟ್ಟಿಗೆಯ ಮನೆಯ ಅಂಗಳದಲ್ಲಿ. ಮನೆಯೊಡತಿಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ಮಗ ರಸ್ತೆ ಬದಿಯಲ್ಲಿ ಪೀಪಾಯಿಯಿಂದ ಪೆಟ್ರೋಲು ಅಳೆದು ಮಾರುತ್ತಾನೆ, ಆಕೆ ಬಂದವರಿಗೆ ಊಟ ಹಾಕುತ್ತಾಳೆ. ಮಾಂಸ ಬೇಡ, ಹಂದಿಯ ಕೊಬ್ಬೂ ಬೇಡ ಅಂದಾಗ ಆಕೆ ಸ್ವಲ್ಪ ಯೋಚಿಸಿ, ಬೇಯಿಸಿಟ್ಟಿದ್ದ ಕಾಳಿಗೆ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ ಹಾಕಿ, ಸುಟ್ಟ ಹಸಿಮೆಣಸಿನಕಾಯಿಯ ಜೊತೆ ತಂದಿಟ್ಟಳು. ಬಿಸಿ ತೊರ್ತಿಯಾ, ಆ ಕಾಳು. ನಾನು ಆ ಊಟವನ್ನು ಮರೆಯುವುದಿಲ್ಲ.

ತಟ್ಟೆ ತೊಳೆಯಲು ನಾನೂ ಹಿತ್ತಲಿಗೆ ಹೋದೆ. ಎರಡು ಬೋಗುಣಿ. ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಬರೀ ನೀರು. ಮೊದಲು ಲೋಟಗಳು, ಆಮೇಲೆ ತಟ್ಟೆಗಳು, ಕೊನೆಗೆ ಜಿಡ್ಡಿನ ಬಾಣಲೆ. ಎಲ್ಲ ಮುಗಿದ ಮೇಲೆ ಎರಡನೆಯ ಬೋಗುಣಿಯ ನೀರನ್ನು ಆಕೆ ಗೋಡೆಯ ಮಗ್ಗುಲಿನ ನಿಂಬೆಗಿಡದ ಪಾತಿಗೆ ಸುರಿದಳು, ಸುತ್ತ ಕೈಯಾಡಿಸಿ, ಎಲ್ಲ ಕಡೆಗೂ ಹರಿಯುವಂತೆ. ಚಳ್ಳಕೆರೆಯಲ್ಲಿ ನಮ್ಮ ಬಚ್ಚಲ ನೀರು ಹೋಗುತ್ತಿದ್ದುದು ಕನಕಾಂಬರದ ಮಡಿಗೆ. ಅವ್ವನೂ ಹೀಗೇ ಕೈಯಾಡಿಸುತ್ತಿದ್ದಳು. ಬಾವಿ ಇಲ್ಲವೇ ಎಂದು ಕೇಳಿದೆ. ಇದೆ, ದನಗಳಿಗೆ ಅದೇ ಆಧಾರ, ಕುಡಿಯಲು ಮಾತ್ರ ಕ್ಯಾನಿನ ನೀರು ಎಂದಳು. ಬೆಳಿಗ್ಗೆ ಹೊರಡುವಾಗ ಆ ಗಿಡದ ನಿಂಬೆಹಣ್ಣುಗಳನ್ನು ನನ್ನ ಸೆರಗಿಗೆ ಸುರಿಯುವವಳಂತೆ ಕೈತುಂಬ ತಂದಳು. ಸೆರಗಿರಲಿಲ್ಲ, ಸ್ವೆಟರಿನ ಮಡಿಲೊಡ್ಡಿದೆ.

ಅವತ್ತಿನಿಂದ ನಮ್ಮ ಗಾಡಿಯಲ್ಲೂ ಎರಡು ಬೋಗುಣಿಯ ಪದ್ಧತಿ ಬಂತು. ಮೈಗೆ ಸೋಪು ಹಚ್ಚುವಾಗ ಷವರು ನಿಲ್ಲಿಸಬೇಕೆಂದು ಇವರು ಮೊದಲೇ ಕಟ್ಟಳೆ ಮಾಡಿದ್ದರು. ನೀರು ಬಿಸಿಯಾಗುವವರೆಗೆ ಬರುವ ತಣ್ಣೀರನ್ನೂ ಹಿಡಿದಿಡಬೇಕೆಂದು ನಾನು ಸೇರಿಸಿದೆ. ಪಂಪಿನ ಸದ್ದು ಕಡಿಮೆಯಾಯಿತು.

28ನೇ ಅಕ್ಷಾಂಶದಲ್ಲಿ ಭಾರೀ ಧ್ವಜವೊಂದು ಹಾರುತ್ತದೆ. ಅಲ್ಲಿಗೆ ಒಂದು ರಾಜ್ಯ ಮುಗಿದು ಬಾಹಾ ಕ್ಯಾಲಿಫೋರ್ನಿಯಾ ಸೂರ್ ಶುರು, ಚಳಿಗಾಲದಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಗೆರೆರೊ ನೆಗ್ರೊದ ಹಿನ್ನೀರಿಗೆ ಚಳಿಗಾಲದಲ್ಲಿ ಬೂದುತಿಮಿಂಗಿಲಗಳು ಮರಿ ಹಾಕಲು ಉತ್ತರ ಧ್ರುವದ ಕಡೆಯ ಸಮುದ್ರದಿಂದ ಬರುತ್ತವೆ. ದೋಣಿಯ ಪಕ್ಕದಲ್ಲೇ ತಾಯಿ, ಮರಿ ಎದ್ದು ಉಸಿರು ಬಿಟ್ಟಾಗ ಆ ಹನಿ ನಮ್ಮ ಮುಖಕ್ಕೂ ಸಿಡಿಯಿತು. ತಿಮಿಂಗಿಲದ ಬಗ್ಗೆ ಬರೆದವರು ಬಹಳ ಜನ, ಅವರಿಗಿಂತ ಚೆನ್ನಾಗಿ ನಾನು ಬರೆಯಲಾರೆ. ಅದೇ ಊರಿನಲ್ಲಿ ಜಗತ್ತಿನ ಅತಿ ದೊಡ್ಡ ಉಪ್ಪಿನ ಆಗರವಿದೆ. ಸಮುದ್ರದ ನೀರನ್ನು ಕಟ್ಟೆಗಳಲ್ಲಿ ನಿಲ್ಲಿಸಿ ಬಿಸಿಲಿಗೂ ಗಾಳಿಗೂ ಒಪ್ಪಿಸುತ್ತಾರೆ. ಉಳಿದದ್ದನ್ನು ಕೆರೆದು ಹಡಗಿಗೆ ತುಂಬುತ್ತಾರೆ. ಮಳೆಯಿಲ್ಲದಿರುವುದೇ ಆ ಊರಿನ ಬಂಡವಾಳ.

ಸಾನ್ ಇಗ್ನಾಸಿಯೊ ತಲುಪುವಷ್ಟರಲ್ಲಿ ಕಣ್ಣಿಗೆ ಕಂದು ಬಣ್ಣ ಬಿಟ್ಟು ಬೇರೆ ಮರೆತೇಹೋಗಿತ್ತು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಖರ್ಜೂರದ ಮರಗಳ ದಟ್ಟ ತೋಪು, ನಡುವೆ ಕೆರೆಯಂತೆ ನಿಂತ ಒರತೆಯ ನೀರು, ನೀರಿನಲ್ಲಿ ಬಾತುಗಳು. ಇವರು ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಮೊಣಕಾಲವರೆಗೆ ಇಳಿದರು. ಅಲ್ಲಿಂದ ಬೇಗ ಮೇಲೆ ಬರಲಿಲ್ಲ.

ಇಲ್ಲಿ ಕೊಚಿಮಿ ಎಂಬ ಜನ ಇದ್ದರು. ನೀರು ಎಲ್ಲೆಲ್ಲಿ ಸಿಗುತ್ತದೆಂದು ತಿಳಿದು, ಸಿಕ್ಕಿದಷ್ಟರಲ್ಲಿ ತಲೆತಲಾಂತರ ಬದುಕಿದವರು. 1728ರಲ್ಲಿ ಜೆಸ್ಯುಯಿಟ್ ಪಾದ್ರಿಗಳು ಈ ಒರತೆಯ ಬಳಿ ಮಿಶನ್ ಸ್ಥಾಪಿಸಿದರು. ಖರ್ಜೂರ ತಂದು ನೆಟ್ಟವರೂ ಅವರೇ. ದಪ್ಪ ಲಾವಾ ಕಲ್ಲಿನ ಗೋಡೆಯ ಈಗಿನ ಚರ್ಚು ಡೊಮಿನಿಕನ್ನರ ಕಾಲದಲ್ಲಿ, 1786ರಲ್ಲಿ ಮುಗಿಯಿತು. ಪಾದ್ರಿಗಳ ಜೊತೆ ಸಿಡುಬು, ದಡಾರಗಳೂ ಬಂದವು. ಕೊಚಿಮಿ ಜನ ತೀರಿಹೋದರು, ಅವರ ಭಾಷೆಯೂ ಹೋಯಿತು. ಚರ್ಚಿನ ಒಳಗೆ ತಂಪಾಗಿತ್ತು, ಚೆನ್ನಾಗಿತ್ತು. ಆದರೆ ಯಾರಿಗಾಗಿ ಕಟ್ಟಿದರೋ ಅವರಿಲ್ಲದ ಕಟ್ಟಡದಲ್ಲಿ ನನಗೆ ಕೈಮುಗಿಯಲು ಆಗಲಿಲ್ಲ. ಹೊರಗೆ ಬಂದು ಚೌಕದ ಕಲ್ಲುಬೆಂಚಿನ ಮೇಲೆ ಕೂತು ಖರ್ಜೂರ ತಿಂದೆವು.

ವಾಪಸು ಬರುವಾಗ ಪೂರ್ವದ ದಾರಿ ಹಿಡಿದೆವು, ಕೊಲ್ಲಿಯ ಅಂಚಿನಲ್ಲಿ ಸಾನ್ ಫೆಲಿಪೆ, ಅಲ್ಲಿಂದ ಉತ್ತರಕ್ಕೆ ಮೆಕ್ಸಿಕಾಲಿ. ಗಡಿಯಲ್ಲಿ ಹಣ್ಣು ಬಿಡುವುದಿಲ್ಲವೆಂದು ಸಾನ್ ಫೆಲಿಪೆಯ ಕಡಲ ದಂಡೆಯಲ್ಲೇ ಕತವೀನ್ಯಾದ ನಿಂಬೆಹಣ್ಣನ್ನೆಲ್ಲ ಹಿಂಡಿ ಚಿತ್ರಾನ್ನ ಕಲಸಿದೆ, ಉಳಿದದ್ದು ಪಾನಕ. ಆ ದಾರಿಯಲ್ಲಿ ಎಡಗಡೆಗೆ ಲಗುನಾ ಸಲಾದಾ ಎಂಬ ಬತ್ತಿದ ಸರೋವರದ ತಳ ಕಿಲೋಮೀಟರುಗಟ್ಟಲೆ ಹರಡಿಕೊಂಡಿದೆ. ಬಲಗಡೆಗೆ ಕೊಲೊರಾಡೊ ನದಿಯ ಮುಖಜಭೂಮಿ. ನದಿ ಸಮುದ್ರ ಸೇರುವ ಜಾಗ ಎಂದು ನಕ್ಷೆಯಲ್ಲಿ ನೀಲಿ ಗೆರೆಯಿದೆ. ನೆಲದ ಮೇಲೆ ನೀರಿಲ್ಲ. ಅಷ್ಟು ದೊಡ್ಡ ನದಿ ಮೇಲೆಯೇ ಮುಗಿದುಹೋಗುತ್ತದೆ.

ಲೆಕ್ಕ ಇವರೇ ಹೇಳಿದರು, ನಮ್ಮ ಕಡೆಯ ಅಳತೆಯಲ್ಲಿ. ಎರಡು ದೇಶಗಳ ನಡುವಿನ 1944ರ ಒಪ್ಪಂದದ ಪ್ರಕಾರ ಈ ನದಿಯಿಂದ ಮೆಕ್ಸಿಕೊಗೆ ವರ್ಷಕ್ಕೆ ಸಲ್ಲಬೇಕಾದದ್ದು ಸುಮಾರು 65 ಟಿಎಂಸಿ. ಗಡಿಯ ಈಚೆಗೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆ ಒಂದಕ್ಕೇ ಇರುವ ಹಕ್ಕು ಸುಮಾರು 135 ಟಿಎಂಸಿ. ಕಾವೇರಿಯಲ್ಲಿ ನಾವು ತಮಿಳುನಾಡಿಗೆ ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 177.25. ಇಲ್ಲಿ ಒಂದು ದೇಶಕ್ಕೆ ಸಿಗುವುದು ಒಂದು ಕಣಿವೆಯ ಪಾಲಿನ ಅರ್ಧಕ್ಕೂ ಕಡಿಮೆ.

ಅಮೆರಿಕದ ಕಡೆಗೆ ದಾಟಲು ಸಾಲಿನಲ್ಲಿ ನಿಂತಾಗ ಇಂಪೀರಿಯಲ್ ಕಣಿವೆಗೆ ನೀರೊಯ್ಯುವ ಕಾಲುವೆ ಕಾಣಿಸಿತು. ಆಲ್ ಅಮೆರಿಕನ್ ಕೆನಾಲ್. ಗಡಿಗೆ ಒತ್ತಿಕೊಂಡೇ, ಗಡಿ ದಾಟದ ಹಾಗೆ, ಸುಮಾರು 130 ಕಿಲೋಮೀಟರು ಹರಿಯುತ್ತದೆ. ದಡ ಮುಟ್ಟುವಷ್ಟು ನೀರು. ಇವರಿಗೆ ಕಾಲುವೆ ಕಂಡರೆ ಕಣ್ಣು ಬೇರೆಯೇ ಆಗುತ್ತದೆ. ಹರಿವಿನ ವೇಗ, ಇಳಿಜಾರು ಎಲ್ಲ ಹೇಳತೊಡಗಿದರು. ಅದರ ಕತೆಯ ಇನ್ನೊಂದು ಭಾಗ ನಾನು ಓದಿಕೊಂಡಿದ್ದೆ. ಇಲ್ಲಿಂದ ಪೂರ್ವಕ್ಕೆ, ಮರಳುಗುಡ್ಡಗಳ ಬಳಿ, ಇದು ಮೊದಲು ಮಣ್ಣಿನ ಕಾಲುವೆ. ಜಿನುಗಿದ ನೀರು ಭೂಮಿಯೊಳಗೇ ಗಡಿ ದಾಟಿ ಮೆಕ್ಸಿಕಾಲಿ ರೈತರ ಬಾವಿಗಳಿಗೆ ಬರುತ್ತಿತ್ತು. ಆ ಜಿನುಗು ನಿಲ್ಲಿಸಲು ಕಾಂಕ್ರೀಟು ಹಾಕಲು ಹೊರಟಾಗ ಮೆಕ್ಸಿಕಾಲಿಯವರು ಅಮೆರಿಕದ ಕೋರ್ಟಿಗೆ ಹೋದರು. 2006ರಲ್ಲಿ ಅಮೆರಿಕದ ಸಂಸತ್ತು ತಡವಿಲ್ಲದೆ ಕೆಲಸ ನಡೆಯಲಿ ಎಂದು ಕಾನೂನನ್ನೇ ಮಾಡಿಬಿಟ್ಟಿತು. 37 ಕಿಲೋಮೀಟರು ಕಾಂಕ್ರೀಟಾಯಿತು. ಹೀಗೆ ಉಳಿತಾಯವಾದ ನೀರು ವರ್ಷಕ್ಕೆ ಸುಮಾರು 3 ಟಿಎಂಸಿ. ಅದರ ಬಹುಪಾಲು ಬಂದದ್ದು ಸ್ಯಾನ್ ಡಿಯಾಗೋಗೆ.

'ಅಂದ್ರೆ ನಮ್ಮ ಮನೆ ನಲ್ಲಿಗೆ' ಅಂದೆ.

'ಸೋರಿ ಹೋಗೋ ನೀರನ್ನ ಉಳಿಸಿದ್ದು ಅದು. ಲೈನಿಂಗ್ ಮಾಡದೆ ಬಿಟ್ಟರೆ ಕಾಲುವೆಯ ಕೊನೇ ರೈತನಿಗೆ ನೀರೇ ಮುಟ್ಟಲ್ಲ. ರಾಯಚೂರಲ್ಲಿ ನಾನು ಕಣ್ಣಾರೆ ಕಂಡಿದೀನಿ.'

'ರೀ, ಇಲ್ಲಿ ಕೊನೇ ರೈತ ಗಡಿಯಾಚೆ ಇದ್ದ. ಅವನ ಬಾವಿಗೆ ಬರ್ತಿದ್ದದ್ದನ್ನ ಸೋರಿಕೆ ಅಂತ ಬರ್ಕೊಂಡ್ರು.'

'ಒಪ್ಪಂದದ ಪಾಲಲ್ಲಿ ಅದಿರಲಿಲ್ಲ.'

'ಬಾವಿಯಲ್ಲಿ ಇತ್ತಲ್ಲ.'

ಇವರು ಹೇಳುವುದರಲ್ಲಿ ನ್ಯಾಯವಿದೆ, ಅದನ್ನು ನಾನು ಬಲ್ಲೆ. ಕಾಲುವೆಯ ತುದಿಯ ರೈತರ ಸಂಕಟಕ್ಕಾಗಿ ಮೇಲಧಿಕಾರಿಗಳ ಹತ್ತಿರ ಜಗಳವಾಡಿದವರು ಇವರು. ಆದರೆ ನೀರು ಉಳಿಸಿದೆವು ಎನ್ನುವಾಗ ಅದು ಮುಂಚೆ ಯಾರ ಮನೆಗೆ ಹೋಗುತ್ತಿತ್ತು ಎಂದು ಕೇಳಲೇಬೇಕು ಅನ್ನುವುದು ನನ್ನ ಹಟ. ಆ ಹಟವನ್ನು ನಾನು ಬಿಡುವುದಿಲ್ಲ. ಸಾಲು ಮುಂದೆ ಸರಿಯಿತು, ಹಣ್ಣು ತರಕಾರಿ ಇದೆಯೇ ಎಂದು ಅಧಿಕಾರಿ ಕೇಳಿದ, ಇಲ್ಲವೆಂದೆವು. ಎಲ್ ಸೆಂಟ್ರೊ ದಾಟಿ ಬೆಟ್ಟ ಹತ್ತುವವರೆಗೂ ನಮ್ಮ ವಾದ ನಡೆದೇ ಇತ್ತು.

ಬೆಟ್ಟದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಇವರು ತಾವಾಗಿ 2014ರ ಸಂಗತಿ ಎತ್ತಿದರು. ಆ ವರ್ಷ ಮಾರ್ಚಿನಲ್ಲಿ ಎರಡೂ ದೇಶಗಳು ಒಪ್ಪಿ, ಕೊಲೊರಾಡೊ ನದಿಯ ಮೊರೆಲೋಸ್ ಅಣೆಕಟ್ಟಿನ ಗೇಟು ಎತ್ತಿ ಸುಮಾರು 4.5 ಟಿಎಂಸಿ ನೀರನ್ನು ಬರೀ ನದಿಗಾಗಿ ಬಿಟ್ಟವು. ಸಾನ್ ಲೂಯಿಸ್ ರಿಯೊ ಕೊಲೊರಾಡೊ ಊರಿನ ಸೇತುವೆಯ ಕೆಳಗೆ, ಒಣ ಮರಳಲ್ಲಿ ನೀರು ಬಂದಾಗ ಊರಿಗೆ ಊರೇ ಇಳಿದು ಹಬ್ಬ ಮಾಡಿತು. ಮೇ ತಿಂಗಳಲ್ಲಿ ನೀರು ಸಮುದ್ರ ಮುಟ್ಟಿತು. ಆ ಸೇತುವೆ ನೋಡಬೇಕು ಅಂದೆ. ಇವರು ನಕ್ಷೆ ತೆಗೆದು ಯೂಮಾ ಊರಿನಿಂದ ಎಷ್ಟು ದೂರವೆಂದು ಅಳೆದರು. ಬೇಸಿಗೆಗೆ ಬೇಡ, ಮುಂದಿನ ಚಳಿಗಾಲಕ್ಕೆ ಹೋಗೋಣ, ಅಷ್ಟರಲ್ಲಿ ನಿನ್ನ ಸ್ಪ್ಯಾನಿಷ್ ಇನ್ನೊಂಚೂರು ಸುಧಾರಿಸಿಕೋ, ಅಲ್ಲಿನ ರೈತರ ಹತ್ತಿರ ನೀನೇ ಕೇಳು ಎಂದರು.